ಕೆಳಗಿನ ಮನೆಗೆ ಕೇಳಿಸಿದ್ದು

“ಇದು ಸಾಯೋಳ ನಡಿಗೆ ಅಲ್ಲಣ್ಣ,” ಎಂದಳು ನಿರ್ದೇಶಕಿ, ಗಾಜಿನ ಆಚೆಯಿಂದ. “ಅಂಗಡಿ ಮುಚ್ಚಿಬಿಡುತ್ತೆ ಅಂತ ಹೊರಟೋಳ ನಡಿಗೆ.”

ಹೆಜ್ಜೆಯಣ್ಣ ಹಲಗೆಯ ಮೇಲೆ ನಿಂತಲ್ಲೇ ನಿಂತ. ಎದುರಿನ ಪರದೆಯ ಮೇಲೆ ಹೆಂಗಸೊಬ್ಬಳು ಮಲಗುವ ಕೋಣೆಯಿಂದ ಹೊರಬಾಗಿಲವರೆಗೆ ಸದ್ದಿಲ್ಲದೆ ನಡೆದು ಸದ್ದಿಲ್ಲದೆ ಬಿದ್ದಿದ್ದಳು. ಅವಳ ಕಾಲಿಗೆ ಸದ್ದು ಕೊಡುವುದು ಅವನ ಕೆಲಸ. ಚಿತ್ರೀಕರಣದ ಗದ್ದಲದಲ್ಲಿ ನಟರ ಹೆಜ್ಜೆ ಸರಿಯಾಗಿ ಕೇಳಿಸುವುದಿಲ್ಲ. ಆಮೇಲೆ ಮೈಕಿನ ಮುಂದೆ ಅವರಂತೆಯೇ ಯಾರಾದರೂ ನಡೆಯಬೇಕು. ಇಪ್ಪತ್ತೆಂಟು ವರ್ಷದಿಂದ ಆ ‘ಯಾರಾದರೂ’ ಇವನೇ. ಕುಂಟರು, ಕುಡುಕರು, ಓಡಿಹೋಗುವ ಹುಡುಗಿಯರು, ಎಲ್ಲರೂ ಅವನ ಕಾಲಲ್ಲಿದ್ದರು. ಹೆಣ್ಣುಮಕ್ಕಳ ನಡಿಗೆಯಲ್ಲಂತೂ ಅವನದು ಎತ್ತಿದ ಕೈ, ಏಕೆಂದರೆ ಅವನ ಪಾದಗಳೇ ಚಿಕ್ಕವು.

ಧಾರಾವಾಹಿಯ ಪತ್ತೇದಾರ ಮೂರು ತಿಂಗಳಿಂದ ಪರದೇಶದಲ್ಲಿ ಕೊಲೆಗಾರ ಗಂಡನ ಬೆನ್ನು ಹತ್ತಿದ್ದ. ಗಂಡ ಹೆಂಡತಿಯ ಔಷಧಿಗೆ ವಿಷ ಬೆರೆಸಿ ವಿಮಾನ ಹತ್ತಿದ್ದ; ಅವಳು ಮನೆಯಲ್ಲಿ ಒಬ್ಬಳೇ ಸತ್ತಿದ್ದಳು. ಆ ಸಾವನ್ನು ಕೊನೆಯ ಕಂತಿನಲ್ಲಿ ತೋರಿಸಬೇಕಿತ್ತು. ಪತ್ತೇದಾರನ ಪರದೇಶವನ್ನು ಹೆಜ್ಜೆಯಣ್ಣ ಈ ಕೋಣೆಯಲ್ಲೇ ಸುತ್ತಿ ಮುಗಿಸಿದ್ದ. ಮೆಕ್ಕೆಜೋಳದ ಹಿಟ್ಟಿನ ಚೀಲ ತುಳಿದರೆ ಹಿಮ, ಹಳೆಯ ಟೇಪಿನ ರಾಶಿ ತುಳಿದರೆ ಹುಲ್ಲುಗಾವಲು. ಅದರಲ್ಲಿ ಒಂದು ತಪ್ಪನ್ನೂ ಯಾರೂ ಹುಡುಕಿರಲಿಲ್ಲ. ಮನೆಯೊಳಗಿನ ಈ ಹದಿನಾರು ಹೆಜ್ಜೆಗೆ ಮಾತ್ರ ಆರು ಸಲ ನಡೆದರೂ ಬೇಡವೆನ್ನಿಸಿಕೊಂಡಿದ್ದ.

ಸೋಮವಾರ ನೋಡೋಣ, ತಲೆ ಕೆಡಿಸಿಕೊಳ್ಳಬೇಡಿ ಎಂದು ನಿರ್ದೇಶಕಿ ಸಮಾಧಾನ ಹೇಳಿದಳು. ಅವನು ಚಪ್ಪಲಿ ಬಿಚ್ಚಿ ಪೆಟ್ಟಿಗೆಗೆ ಹಾಕಿದ. ಅಂಗಡಿಗೆ ಹೊರಟವಳ ನಡಿಗೆ ಎಂದು ಅವಳು ಅಂದದ್ದು ಎಷ್ಟು ಸರಿಯಾಗಿತ್ತೆಂದು ಅವನೊಬ್ಬನಿಗೇ ಗೊತ್ತಿತ್ತು. ಅವನು ನಡೆದಿದ್ದು ತನ್ನ ಹೆಂಡತಿಯ ಕೊನೆಯ ನಡಿಗೆಯನ್ನು.

ಹನ್ನೊಂದು ವರ್ಷದ ಹಿಂದೆ ಅವನು ನಿಜವಾಗಿ ಪರದೇಶಕ್ಕೆ ಹೋಗಿದ್ದ, ಅದೊಂದೇ ಸಲ. ಅಲ್ಲಿನ ಸ್ಟುಡಿಯೊದವರು ಇಪ್ಪತ್ತು ದಿನಕ್ಕೆ ಕರೆಸಿಕೊಂಡಿದ್ದರು. ನಡೆಯೋದಕ್ಕೆ ವಿಮಾನ ಹತ್ತೋ ಮನುಷ್ಯ ಪ್ರಪಂಚದಲ್ಲಿ ನೀವೊಬ್ಬರೇ ಎಂದು ಹೆಂಡತಿ ನಕ್ಕು ಕಳಿಸಿಕೊಟ್ಟಿದ್ದಳು. ಹದಿಮೂರನೆಯ ದಿನ ಫೋನು ಬಂತು. ನಾದಿನಿ ಬೆಳಿಗ್ಗೆ ಬಂದು ಬಾಗಿಲು ಒಡೆಸಿದಾಗ ಅವಳು ಹೊರಬಾಗಿಲ ಒಳಗೇ ಬಿದ್ದಿದ್ದಳಂತೆ. ಹಿಂದಿನ ದಿನ ಮಧ್ಯಾಹ್ನವೇ ಎಲ್ಲಿಗೋ ಹೊರಟಿದ್ದಾರೆ, ಹೃದಯ ನಿಂತಿದೆ, ದೀಪ ಆರಿಸಿದ ಹಾಗೆ ಹೋಗಿದ್ದಾರೆ, ನೋವೇನೂ ಆಗಿಲ್ಲ ಎಂದು ಡಾಕ್ಟರು ಹೇಳಿದರು. ಆ ಮಾತನ್ನು ಅವನು ಗಟ್ಟಿಯಾಗಿ ಹಿಡಿದುಕೊಂಡ. ಕಣ್ಣು ಮುಚ್ಚಿದರೆ ಕೇಳುತ್ತಿದ್ದುದು ಅದೇ: ಅವಸರದ ಚಪ್ಪಲಿ, ಟಪ್ ಟಪ್ ಟಪ್, ಆಮೇಲೆ ಏನೂ ಇಲ್ಲ.

ಆದರೆ ಬೇರೊಬ್ಬರೂ ಆ ನಡಿಗೆಯನ್ನು ಕೇಳಿಸಿಕೊಂಡಿರಬೇಕು. ಅದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು, ಕೇಳಲು ಧೈರ್ಯ ಸಾಲಲಿಲ್ಲ. ಕೆಳಗಿನ ಮನೆಯಲ್ಲಿದ್ದವರು ಟೀಚರಮ್ಮ, ಆಗಿನ್ನೂ ಶಾಲೆಗೆ ಹೋಗುತ್ತಿದ್ದರು. ಮಧ್ಯಾಹ್ನ ಬಂದು ಉತ್ತರ ಪತ್ರಿಕೆ ತಿದ್ದಲು ಕೂತರೆ ತಲೆಯ ಮೇಲೆ ಇವನ ಹೆಂಡತಿಯ ಚಪ್ಪಲಿ ಸದ್ದು. ತಡೆಯಲಾರದೆ ಬಲೆ ಹೊಡೆಯುವ ಉದ್ದ ಕೋಲಿನಿಂದ ಚಾವಣಿಗೆ ಕುಟ್ಟುತ್ತಿದ್ದರು. ಇವಳೇನು ಕಡಿಮೆಯೇ? ಬಗ್ಗಿ ಅಂಗೈಯಿಂದ ನೆಲಕ್ಕೆ ಮೂರು ಏಟು ಹಾಕಿ ಉತ್ತರ ಕೊಡುತ್ತಿದ್ದಳು. ಆಮೇಲೆ ಮೆಟ್ಟಿಲ ಹತ್ತಿರ ಸಿಕ್ಕಾಗ ಇಬ್ಬರೂ ಏನೂ ಆಗದವರಂತೆ ತರಕಾರಿ ದರ ಮಾತಾಡುತ್ತಿದ್ದರು. ಇವತ್ತು ಕೆಳಗಿನವರ ಜೊತೆ ಒಂದು ಸುತ್ತು ಆಯ್ತು ಎಂದು ಅವಳು ಎಷ್ಟು ಸಂಜೆ ಹೇಳಿ ನಕ್ಕಿದ್ದಳೋ. ಅವಳು ಹೋದಮೇಲೆ ಟೀಚರಮ್ಮ ಅವನಿಗೆ ಮುಖ ಕೊಟ್ಟು ಮಾತಾಡಿರಲಿಲ್ಲ. ಅವನ ಹೆಜ್ಜೆ ಮೆಟ್ಟಿಲ ಮೇಲೆ ಕೇಳಿದರೆ ಒಳಗೆ ಅವರ ಹೆಜ್ಜೆ ನಿಂತುಬಿಡುತ್ತಿತ್ತು.

ಭಾನುವಾರ ಮಧ್ಯಾಹ್ನ ಅವನು ಆ ಬಾಗಿಲು ತಟ್ಟಿದ.

ಟೀಚರಮ್ಮನಿಗೆ ಎಪ್ಪತ್ತು ದಾಟಿತ್ತು, ಎಡಗಾಲು ಎಳೆಯುತ್ತಿತ್ತು. ಟೀವಿಯಲ್ಲಿ ಅದೇ ಧಾರಾವಾಹಿ ಮರುಪ್ರಸಾರವಾಗುತ್ತಿತ್ತು. ಪತ್ತೇದಾರ ಹಿಮದಲ್ಲಿ ನಡೆಯುತ್ತಿದ್ದ, ಅಂದರೆ ಇವನೇ. ಅವನ ಮುಖ ನೋಡದೆ ಟೀಚರಮ್ಮ ಟೀವಿಯ ಕಡೆಗೇ ನೋಡಿದರು.

“ಮೂರು ತಿಂಗಳಿಂದ ದೇಶ ದೇಶ ಸುತ್ತಿದಾನೆ,” ಎಂದರು. “ಸತ್ತಿದ್ದು ಇಲ್ಲಿ ಮನೇಲಿ. ಅಕ್ಕಪಕ್ಕದವರನ್ನ ಒಂದು ಮಾತು ಕೇಳಲಿಲ್ಲ.”

ಅವರು ನಾಲಿಗೆ ಕಚ್ಚಿಕೊಂಡು ಟೀವಿ ಆರಿಸಿದರು. ಅವನು ನಿಂತುಕೊಂಡೇ ಕೇಳಿಬಿಟ್ಟ, ಆವತ್ತು ಕೆಳಗೆ ಏನು ಕೇಳಿಸಿತು ಎಂದು. ಟೀಚರಮ್ಮ ಸೆರಗಿನ ಅಂಚನ್ನು ಮಡಚಿ ಬಿಡಿಸಿ ಮಾಡಿದರು. ಮರೆತುಹೋಗಿದೆ ಎನ್ನಬಹುದಿತ್ತು, ಅನ್ನಲಿಲ್ಲ. ಬಾಯಲ್ಲಿ ಹೇಳಲು ತನ್ನಿಂದ ಆಗುವುದಿಲ್ಲ ಎಂದರು.

ಹಾಗಾದರೆ ಬಾಯಿ ಬೇಡ, ನಾನು ಮೇಲೆ ಹೋಗಿ ನಡೆಯುತ್ತೇನೆ, ನೀವು ಕೇಳಿ ಎಂದ ಅವನು. ಸರಿಯಿದ್ದರೆ ಕೋಲಿನಿಂದ ಒಂದು ಸಲ ಕುಟ್ಟಿ, ತಪ್ಪಿದ್ದರೆ ಎರಡು ಸಲ. ಅವರು ಬೇಡವೆಂದು ತಲೆಯಾಡಿಸಿದರು. ಅವನು ಕದಲಲಿಲ್ಲ. ಕೊನೆಗೆ ಅವರು ಎದ್ದು ಬಾಗಿಲ ಹಿಂದಿನಿಂದ ಕೋಲು ತೆಗೆದುಕೊಂಡರು.

“ಅವರ ಚಪ್ಪಲೀನೇ ಹಾಕ್ಕೊಳ್ಳಿ,” ಎಂದರು.

ಮೇಲೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡ. ಚಪ್ಪಲಿ ಮಂಚದ ಕೆಳಗೆ ಇತ್ತು. ಸ್ಟುಡಿಯೊದ ಪೆಟ್ಟಿಗೆಯಲ್ಲಿ ನೂರು ಜೊತೆ ಇದ್ದರೂ ಇದನ್ನು ಅವನು ಒಂದು ದಿನವೂ ಕೆಲಸಕ್ಕೆ ಒಯ್ದಿರಲಿಲ್ಲ. ಧೂಳು ಒರೆಸಿ ಕಾಲಿಗೆ ತೂರಿಸಿದ. ಅವಳ ಹೆಬ್ಬೆರಳಿನ ಗುಳಿ ಇನ್ನೂ ಇತ್ತು. ಕಿಟಕಿಯಿಂದ ನಾಲ್ಕು ಗಂಟೆಯ ಬಿಸಿಲು ನೆಲಕ್ಕೆ ಬಿದ್ದಿತ್ತು. ಅವನು ತನಗೆ ಗೊತ್ತಿದ್ದ ನಡಿಗೆಯನ್ನೇ ಮೊದಲು ನಡೆದ, ಅವಸರದ್ದು.

ಕೆಳಗಿನಿಂದ ಎರಡು ಏಟು.

ಹಿಂದಕ್ಕೆ ಹೋಗಿ ನಿಧಾನವಾಗಿ ನಡೆದ. ಮತ್ತೆ ಎರಡು. ಅದಕ್ಕಿಂತ ನಿಧಾನವಾಗಿ, ಗೋಡೆಗೆ ಕೈ ಕೊಟ್ಟು, ಮೈಭಾರವನ್ನೆಲ್ಲ ಒಂದೇ ಕಾಲಿಗೆ ಬಿಟ್ಟು ನಡೆದಾಗ ಒಂದೇ ಏಟು ಬಂತು. ದೀಪ ಆರಿಸಿದ ಹಾಗೆ ಅಂದಿದ್ದರಲ್ಲ ಡಾಕ್ಟರು. ಆದರೂ ಕಾಲು ನಿಲ್ಲಲಿಲ್ಲ, ಅದಕ್ಕೆ ಅದರ ಕೆಲಸ ಗೊತ್ತಿತ್ತು. ಬಾಗಿಲ ಕಡೆಗೆ ತಿರುಗಿದರೆ ಎರಡು ಏಟು. ಕಿಟಕಿಯ ಕಡೆಗೆ, ಎರಡು. ಫೋನಿನ ಮೇಜಿನ ಕಡೆಗೆ ತಿರುಗಿದ. ಒಂದು.

ಮೇಜಿನ ಮೇಲೆ ಗೋಡೆಗೆ ಆಗ ಒಂದು ಚೀಟಿ ಅಂಟಿಸಿತ್ತು, ಅವನು ಉಳಿದುಕೊಂಡಿದ್ದ ಜಾಗದ ನಂಬರು. ಇಲ್ಲಿಂದ ಬಾಗಿಲಿಗೆ ಹೊರಟಳೇನೋ ಎಂದು ಒಂದು ಹೆಜ್ಜೆ ಎತ್ತಿಟ್ಟ, ಎರಡು ಏಟು. ವಾಪಸು ಬಂದು ನಿಂತ. ಕೆಳಗೆ ಸದ್ದಿಲ್ಲ. ಮತ್ತೂ ನಿಂತ. ಒಂದು ನಿಮಿಷ, ಎರಡು ನಿಮಿಷ. ಆ ದಿನ ಈ ಹೊತ್ತಿಗೆ ಅವನು ಅಲ್ಲಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಯಾರದೋ ಹೆಂಡತಿಯಾಗಿ ಹಿಮದಲ್ಲಿ ನಡೆಯುತ್ತಿದ್ದ, ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಅವಳು ಇಲ್ಲಿ ಫೋನು ಹಿಡಿದು ನಿಂತಿದ್ದಳು, ಆ ಕಡೆ ಅವನ ಖಾಲಿ ಕೋಣೆಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಕೊನೆಗೆ ಒಂದು ಏಟು ಬಂತು.

ಅಲ್ಲಿಂದ ಬಾಗಿಲಿಗೆ ಏಳು ಹೆಜ್ಜೆ. ಎರಡನೆಯದರಲ್ಲಿ ಒಂದು ಚಪ್ಪಲಿ ಕಳಚಿತು, ಅವನು ಬೇಕೆಂದು ಬಿಟ್ಟಿದ್ದಲ್ಲ. ಒಂದು ಏಟು. ಒಂದು ಚಪ್ಪಲಿ, ಒಂದು ಬರಿಗಾಲು. ಬಾಗಿಲ ಹತ್ತಿರ ಮಂಡಿಯೂರಿದ. ಒಂದು. ಪಕ್ಕಕ್ಕೆ ವಾಲಿ ಕೂತ. ಒಂದು.

ಇಲ್ಲಿಗೆ ಮುಗಿಯಿತು ಎಂದುಕೊಂಡ. ಆದರೆ ಕೂತವಳಿಗೆ ಚಿಲಕ ಎಟುಕಲಿಲ್ಲ, ಕೂಗಲು ಉಸಿರಿಲ್ಲ, ಕೆಳಗೆ ಮನುಷ್ಯರಿದ್ದಾರೆಂದು ಗೊತ್ತು. ಅಂಥವಳು ಏನು ಮಾಡುತ್ತಾಳೆಂದು ಅವನ ಕೈಗೆ ಹೊಳೆಯಿತು. ಅಂಗೈಯಿಂದ ನೆಲಕ್ಕೆ ಹೊಡೆದ. ತಡೆದು ಇನ್ನೊಮ್ಮೆ. ಇನ್ನೂ ತಡೆದು, ಮೆತ್ತಗೆ, ಮೂರನೆಯದು.

ಕೆಳಗಿನಿಂದ ಒಂದೂ ಬರಲಿಲ್ಲ, ಎರಡೂ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೋಲು ಚಾವಣಿಗೆ ಬಡಿಯಿತು, ಸಿಟ್ಟಿನಿಂದ, ಒಂದರ ಮೇಲೊಂದು, ನಾಲ್ಕು, ಐದು, ಆರು. ಅದು ಇವತ್ತಿನ ಸಿಟ್ಟಲ್ಲ ಎಂದು ಅವನಿಗೆ ಗೊತ್ತಾಯಿತು. ಹನ್ನೊಂದು ವರ್ಷದ ಹಿಂದೆ ಅವಳ ಅಂಗೈಯ ಕೆಳಗೆ ಬಡಿದದ್ದು ಹೀಗೇ. ಅವಳು ಕೇಳಿಸಿಕೊಂಡ ಕೊನೆಯ ಸದ್ದು ಇದು. ಅವನಿಗೆ ಆ ಕ್ಷಣ ಟೀಚರಮ್ಮನ ಮೇಲೆ ಕೊಲ್ಲುವಷ್ಟು ಕೋಪ ಬಂತು, ಅದರ ಬೆನ್ನಿಗೇ ಖಾಲಿ ಕೋಣೆಯಲ್ಲಿ ಬಡಿದುಕೊಂಡ ಫೋನಿನ ನೆನಪೂ ಬಂತು.

ಕೆಳಗೆ ಕೋಲು ಬಿದ್ದ ಸದ್ದಾಯಿತು. ಕುರ್ಚಿ ಸರಿಯಿತು. ಬಾಗಿಲು ತೆರೆಯಿತು. ಆಮೇಲೆ ಮೆಟ್ಟಿಲು. ಬರಿಗಾಲು, ಬಲಗಾಲು ಊರಿ ಎಡಗಾಲು ಎಳೆದುಕೊಂಡು, ಕಂಬಿಯ ಮೇಲೆ ಬಳೆ ತಾಗುತ್ತ. ಅವನು ನೆಲಕ್ಕೆ ಅಂಗೈ ಇಟ್ಟುಕೊಂಡೇ ಎಣಿಸಿದ. ಒಂಬತ್ತನೆಯ ಮೆಟ್ಟಿಲಲ್ಲಿ ಅವರು ನಿಂತು ಉಸಿರು ಎಳೆದುಕೊಂಡರು. ತಿರುಗಿ ಹೋಗಿಬಿಡುತ್ತಾರೇನೋ ಎಂದು ಅವನಿಗೆ ಭಯವಾಯಿತು. ಹೋಗಲಿಲ್ಲ. ಹದಿನೆಂಟನೆಯದನ್ನೂ ಹತ್ತಿ ಬಾಗಿಲ ಆಚೆ ಬಂದು ನಿಂತರು.

“ಜಗಳಕ್ಕೆ ಅಂದ್ಕೊಂಡೆ,” ಎಂದರು ಆಚೆಯಿಂದ. “ಯಾವತ್ತಿನ ಹಾಗೆ ಜಗಳಕ್ಕೆ ಅಂತ.”

ಅವನು ಕೂತಲ್ಲಿಂದಲೇ ಕೈ ಎತ್ತಿದ. ಎಟುಕಲಿಲ್ಲ. ಚಪ್ಪಲಿಯಿದ್ದ ಕಾಲನ್ನು ಊರಿ, ಗೋಡೆ ಹಿಡಿದು ಸ್ವಲ್ಪ ಮೇಲೆದ್ದು, ಚಿಲಕ ಸರಿಸಿದ.