ಫಿನ್ಲೇಯ ಎರಡನೇ ತಟ್ಟೆ

ಫಿನ್ಲೇ ಕೌವಿ ನೂರ ಮೂವತ್ತಾರು ಕಿಲೋ ಇದ್ದ. ನವೆಂಬರಿನ ವೈದ್ಯಕೀಯ ಪರೀಕ್ಷೆಯಲ್ಲಿ ಮೈಮೇಲಿನ ಬಟ್ಟೆಯೂ ಸೇರಿ ನೂರ ಇಪ್ಪತ್ತನಾಲ್ಕೂ ಮುಕ್ಕಾಲು ಕಿಲೋ ದಾಟಿದರೆ ಅವನನ್ನು ಇನ್ನು ಮುಂದೆ ಸಮುದ್ರದ ನಡುವಿನ ತೈಲಬಾವಿಯ ರಿಗ್ಗಿಗೆ ಕಳಿಸುವುದಿಲ್ಲ ಎಂದು ಏಪ್ರಿಲಿನಲ್ಲೇ ಕಾಗದ ಬಂದಿತ್ತು. ಸಮುದ್ರಕ್ಕೆ ಬಿದ್ದವನನ್ನು ಹೆಲಿಕಾಪ್ಟರಿನ ಹಗ್ಗ ಎತ್ತಬೇಕು. ಕೆಳಗಿಳಿಯುವ ರಕ್ಷಕನ ಭಾರ, ಸ್ಟ್ರೆಚರಿನ ಭಾರ ಎಲ್ಲ ಕಳೆದರೆ ಹಗ್ಗಕ್ಕೆ ಉಳಿಯುವ ತಾಕತ್ತು ಅಷ್ಟೇ. ಇದರಲ್ಲಿ ಯಾರ ಮೇಲೂ ಸಿಟ್ಟಾಗುವಂಥದ್ದೇನೂ ಇರಲಿಲ್ಲ. ಆದರೂ ನಾನು ಸಿಟ್ಟಾದೆ.

ನಾನು ಐಸ್ಬೆಲ್. ಉತ್ತರ ಸಮುದ್ರದ ಆ ರಿಗ್ಗಿನಲ್ಲಿ ಹದಿನೇಳು ವರ್ಷದಿಂದ ಅಡುಗೆಯವಳು. ಫಿನ್ಲೇ ಕ್ರೇನ್ ಓಡಿಸುವವನು, ನನಗಿಂತಲೂ ಹಳಬ. ಮೂರು ವಾರ ಸಮುದ್ರದ ಮೇಲೆ, ಮೂರು ವಾರ ಮನೆಯಲ್ಲಿ. ನಮ್ಮಿಬ್ಬರದೂ ಒಂದೇ ಪಾಳಿ. ಐವತ್ತೇಳು ವರ್ಷದ ಆ ಮನುಷ್ಯ ಕ್ರೇನ್ ಬಿಟ್ಟು ಬೇರೆ ವಿದ್ಯೆ ಕಲಿತವನಲ್ಲ. ಹಿಂದಿನ ಚಳಿಗಾಲದಲ್ಲಿ ಅವನ ಹೆಂಡತಿ ಊನಾ ತೀರಿಕೊಂಡಿದ್ದಳು. ಕೆಲಸವೂ ಹೋದರೆ ಅವನು ಬೆಳಿಗ್ಗೆ ಯಾತಕ್ಕೆ ಏಳಬೇಕು ಎಂದು ನನಗಂತೂ ತೋಚುತ್ತಿರಲಿಲ್ಲ.

ಮೇ ತಿಂಗಳ ಪಾಳಿಗೆ ಬರುವಾಗ ಅವನು ಬಕೆಟ್ಟಿನಷ್ಟು ದೊಡ್ಡ ಒಂದು ಡಬ್ಬ ತಂದ. ಊಟದ ಕೋಣೆಯ ಮೇಜಿನ ಮೇಲೆ ಅದನ್ನು ಕುಕ್ಕಿದಾಗ ನಾನು ಕನ್ನಡಕ ಹಾಕಿಕೊಂಡು ಓದಿದೆ. ವೇ ಪ್ರೋಟೀನು.

"ಅಲ್ಲಯ್ಯ, ಇದು ಹಾಲೊಡೆದ ನೀರಲ್ವಾ?"

"ಹೌದಂತೆ. ಒಣಗಿಸಿ ಪುಡಿ ಮಾಡ್ತಾರಂತೆ. ಹಸಿವು ಕಟ್ಟುತ್ತಂತೆ."

"ನಮ್ಮಮ್ಮ ಚೀಸ್ ಮಾಡಿ ಉಳಿದ ಆ ನೀರನ್ನ ಹಂದಿಗೆ ಸುರೀತಿದ್ಲು. ಕ್ರಿಸ್‌ಮಸ್ ಹೊತ್ತಿಗೆ ಚೆನ್ನಾಗಿ ಕೊಬ್ಬಲಿ ಅಂತ. ಅದನ್ನ ಕುಡಿದು ನೀನು ಸಣ್ಣ ಆಗ್ತೀಯಾ?"

ಅಲ್ಲಿದ್ದವರೆಲ್ಲ ನಕ್ಕರು. ಫಿನ್ಲೇಯೂ ನಕ್ಕ. ನಾನು ಹಾಗನ್ನಬಾರದಿತ್ತು. ಆದರೆ ನನ್ನ ಅಡುಗೆ ಬಿಟ್ಟು ಒಬ್ಬ ಡಬ್ಬ ಹಿಡಿದು ಬಂದರೆ ಮೈ ಉರಿಯದೆ ಇರುತ್ತದೆಯೇ?

ಅಡುಗೆ ಬಿಡುವುದೇನು ಬಂತು, ಅವನು ಯಾವುದನ್ನೂ ಬಿಡಲಿಲ್ಲ. ಸೂಪು, ಕುರಿಮಾಂಸದ ಪೈ, ಆಲೂಗಡ್ಡೆ, ಕಸ್ಟರ್ಡು, ಎಲ್ಲ ಮುಗಿಸಿ ಕೊನೆಗೆ ಆ ಪುಡಿಯನ್ನು ಕೆನೆಹಾಲಿಗೆ ಹಾಕಿ, ಎರಡು ಬಾಳೆಹಣ್ಣು ಕಿವುಚಿ, ಔಷಧಿ ಕುಡಿದ ಹಾಗೆ ಮುಖ ಮಾಡಿ ಕುಡಿಯುತ್ತಿದ್ದ. ಪಾಳಿ ಮುಗಿಯುವಷ್ಟರಲ್ಲಿ ಒಂದೂವರೆ ಕಿಲೋ ಏರಿದ್ದ.

ಜುಲೈನಲ್ಲಿ ರಿಗ್ಗಿನಲ್ಲಿ ಔಷಧೋಪಚಾರ ನೋಡುವ ಮೆಡಿಕ್ ಟಾರ್ಕ್ವಿಲ್ ಅಡುಗೆಮನೆಗೇ ಬಂದ. ಸಣ್ಣ ವಯಸ್ಸಿನವನು, ದನಿ ಎತ್ತುವವನಲ್ಲ.

"ನಿಮ್ಮಮ್ಮ ಹಂದಿಗೆ ಆ ನೀರಿನ ಜೊತೆ ಇನ್ನೇನು ಹಾಕ್ತಿದ್ರು?" ಎಂದು ಕೇಳಿದ.

"ಆಲೂಗಡ್ಡೆ, ಬಾರ್ಲಿ, ಮನೇಲಿ ಉಳಿದದ್ದೆಲ್ಲ."

"ಫಿನ್ಲೇ ಮಾಡ್ತಿರೋದೂ ಅದನ್ನೇ. ಊಟದ ಮೇಲೆ ಕುಡಿದ್ರೆ ಅದು ಇನ್ನೊಂದು ಊಟ, ಅಷ್ಟೇ. ಇಪ್ಪತ್ತು ನಿಮಿಷ ಮುಂಚೆ ಕುಡೀಬೇಕು, ಬರೀ ನೀರಲ್ಲಿ. ಆಗ ಊಟಕ್ಕೆ ಕೂರೋ ಹೊತ್ತಿಗೆ ಕರುಳಿಂದ ತಲೆಗೆ ಸಾಕು ಅನ್ನೋ ಸುದ್ದಿ ಹೋಗಿರುತ್ತೆ. ಮನುಷ್ಯ ತಾನಾಗೇ ಕಮ್ಮಿ ತಿಂತಾನೆ. ಮೈಯ ಮಾಂಸಖಂಡ ಕರಗದ ಹಾಗೂ ಒಂದಿಷ್ಟು ಕಾಯುತ್ತೆ. ಆದ್ರೆ ತೂಕ ಇಳಿಸೋದು ಪುಡಿ ಅಲ್ಲ, ಅವನು ತಟ್ಟೇಲಿ ಬಿಟ್ಟಿದ್ದು."

"ಅಂದ್ರೆ ನನ್ನ ಊಟ ತಟ್ಟೇಲಿ ಬಿಡಬೇಕು."

"ಹೌದು. ನೀವು ಅದಕ್ಕೆ ಬೇಜಾರು ಮಾಡ್ಕೋಬಾರ್ದು."

ಬೇಜಾರಾಯಿತು. ಆದರೂ ಒಪ್ಪಿದೆ. ಅವತ್ತಿನಿಂದ ಸಂಜೆ ಆರೂ ಮುಕ್ಕಾಲಿಗೆ ಫಿನ್ಲೇ ಬಡಿಸುವ ಕಿಟಕಿಯ ಹತ್ತಿರ ಬಂದು ನಿಂತು, ನನ್ನ ಕಣ್ಣೆದುರೇ ನೀರಲ್ಲಿ ಕದಡಿದ ಪುಡಿ ಕುಡಿಯಬೇಕು. ಏಳೂ ಐದಕ್ಕೆ ನಾನೇ ಅವನಿಗೆ ಒಂದು ತಟ್ಟೆ ಬಡಿಸಬೇಕು. ಮೊದಲ ದಿನವೇ ಅವನು ಅರ್ಧಕ್ಕೆ ಫೋರ್ಕ್ ಇಟ್ಟು ಹೊಟ್ಟೆ ನೋಡಿಕೊಂಡ.

"ನಿಜವಾಗ್ಲೂ ತುಂಬ್ತು ಕಣೇ. ಏನಿದು ಮೋಸ?" ಅಂದ.

ಅವತ್ತು ನನಗೆ ಗೆದ್ದಷ್ಟು ಖುಷಿಯಾಯಿತು. ಅದು ಉಳಿದದ್ದು ಹತ್ತು ನಿಮಿಷ. ಪಾತ್ರೆ ಇಳಿಸಿ ತಿರುಗಿದರೆ ಫಿನ್ಲೇ ಎರಡನೇ ತಟ್ಟೆ ಹಿಡಿದು ಮತ್ತೆ ಅದೇ ಕುರ್ಚಿಯಲ್ಲಿದ್ದ. ಮರುದಿನವೂ ಅದೇ ಕಥೆ. ಮೂರನೇ ದಿನವೂ ಬದಲಾಗಲಿಲ್ಲ. ಒಂದೊಂದೇ ಬಟಾಣಿಯನ್ನು ಚುಚ್ಚಿ, ಒಲ್ಲದ ಮುಖದಲ್ಲಿ ಅಗಿಯುತ್ತ ಎಂಟು ಗಂಟೆಯವರೆಗೆ ಕೂರುತ್ತಿದ್ದ. ಎಂಟಾದ ಕೂಡಲೇ ಎದ್ದು ಹೋಗುತ್ತಿದ್ದ.

ಏಳನೇ ದಿನ ನನ್ನ ತಲೆ ಕೆಟ್ಟಿತು. ಸೌಟು ಹಿಡಿದುಕೊಂಡೇ ಹೋಗಿ ಅವನೆದುರು ಕೂತೆ.

"ನಿನಗೇನು ಬಂದಿದೆ ರೋಗ? ಹೊಟ್ಟೆ ತುಂಬಿದೆ ಅಂತ ನೀನೇ ಹೇಳ್ತೀಯ. ಮತ್ತೆ ಹೋಗಿ ಬಡಿಸ್ಕೊಂಡು ಬರ್ತೀಯ. ಕೆಲಸ ಕಳ್ಕೋಬೇಕು ಅಂತಾನೇ ಇದೀಯಾ?"

"ಹೊಟ್ಟೆ ತುಂಬಿದೆ ಐಸ್ಬೆಲ್. ಸುಳ್ಳಲ್ಲ."

"ಮತ್ತೆ?"

ಅವನು ಸುತ್ತ ನೋಡಿದ. ನೂರು ಚಿಲ್ಲರೆ ಜನಕ್ಕೆ ಊಟದ ಕೋಣೆಯಲ್ಲಿ ಇರುವುದು ನಲವತ್ತು ಕುರ್ಚಿ. ಬಾಗಿಲಲ್ಲಿ ಯಾವಾಗಲೂ ಟ್ರೇ ಹಿಡಿದು ನಿಂತವರು ಇರುತ್ತಾರೆ. ತಿಂದಾದವನು ಏಳಲೇಬೇಕು. ಯಾವ ಗೋಡೆಯ ಮೇಲೂ ಬರೆಯದ ಕಾನೂನು ಅದು. ಮ್ಯಾನೇಜರೂ ಅದನ್ನು ಮೀರಿದ್ದನ್ನು ನಾನು ಕಂಡಿಲ್ಲ.

"ತಟ್ಟೆ ಇದ್ರೆ ಕೂರಬಹುದು. ಅದಕ್ಕೇ," ಎಂದ.

"ಎದ್ದು ರೂಮಿಗೆ ಹೋದ್ರೆ ಏನಾಗುತ್ತೆ?"

"ಏಳೂವರೆಗೆ ಊನಾ ಫೋನ್ ಮಾಡ್ತಿದ್ಲು. ಇಪ್ಪತ್ತಾರು ವರ್ಷ, ಒಂದಿನ ತಪ್ಪಿಸಿದವಳಲ್ಲ. ನಾನೀಗ ಹೋದ್ರೆ ಆ ಫೋನ್ ಎದುರಿಗೇ ಇರುತ್ತೆ. ಅದು ಹೊಡ್ಕೊಳ್ಳಲ್ಲ. ಎಂಟು ದಾಟಿದ್ರೆ ಪರವಾಗಿಲ್ಲ, ಹೇಗೋ ಮಲಗ್ತೀನಿ."

ಹಂದಿ ಗಿಂದಿ ಅಂತೆಲ್ಲ ಆಡಿದ್ದು ನೆನಪಾಗಿ ನಾಚಿಕೆಯಾಯಿತು. ಕಣ್ಣಲ್ಲಿ ನೀರು ಬರುವ ಹಾಗಿತ್ತು. ಅದು ಬರುವ ಮುಂಚೆ ಅವನ ಮುಂದಿದ್ದ ತಟ್ಟೆಯನ್ನು ಕಿತ್ತುಕೊಂಡು ಒಳಗೆ ಹೋದೆ.

ಮರುದಿನ ಏಳೂವರೆಗೆ ಅಡುಗೆಮನೆಯ ಗೋಡೆಯ ಫೋನಿನಿಂದ ಅವನ ರೂಮಿಗೆ ಹಚ್ಚಿದೆ. ಮೊದಲು ಅವನಿಗೆ ಹೇಳಿಯೇ ಇದ್ದೆ. ಹೇಳದೆ ಹಚ್ಚಿ ಅವನ ಎದೆ ಒಡೆಸುವಷ್ಟು ದಡ್ಡಿಯಲ್ಲ ನಾನು.

"ನಾಳೆ ಸೂಪು ಯಾವುದು ಮಾಡ್ಲಿ?" ಎಂದು ಕೇಳಿದೆ. ಬೇರೇನು ಮಾತಾಡಬೇಕೆಂದು ಗೊತ್ತಿರಲಿಲ್ಲ.

"ಬಾರ್ಲಿದು."

"ಹೋದ ವಾರ ಮಾಡಿದ್ದೆ. ಉಪ್ಪು ಜಾಸ್ತಿ ಅಂತ ನೀನೇ ಗೊಣಗಿದ್ದೆ."

"ಜಾಸ್ತಿ ಇತ್ತು, ಗೊಣಗಿದೆ."

ಇಪ್ಪತ್ತು ನಿಮಿಷ ಉಪ್ಪಿನ ಬಗ್ಗೆ ಜಗಳವಾಡಿದೆವು. ಆಮೇಲೆ ದಿನಾ ಅದೇ ಆಯಿತು. ಫಿನ್ಲೇ ಪುಡಿ ಕುಡಿಯುವನು, ಒಂದು ತಟ್ಟೆಯಲ್ಲಿ ಅರ್ಧ ತಿನ್ನುವನು, ಏಳೂ ಇಪ್ಪತ್ತಕ್ಕೆ ಎದ್ದು ಕೈ ಒರೆಸಿಕೊಂಡು ಹೋಗುವನು. ಹುಡುಗರು ಛೇಡಿಸಿದರು. ಛೇಡಿಸಿದವರಿಗೆ ತಣ್ಣಗಾದ ಕರಿದ ಆಲೂಗಡ್ಡೆ ಬಡಿಸಿದೆ. ಎರಡು ದಿನಕ್ಕೆ ಬಾಯಿ ಮುಚ್ಚಿದರು.

ತೂಕ ಇಳಿಯಿತು. ಆದರೆ ರಿಗ್ಗಿನಲ್ಲಿ ಆರು ಕಿಲೋ ಇಳಿದರೆ ರಜೆಯಲ್ಲಿ ಎರಡು ಏರುತ್ತಿತ್ತು. ಅಕ್ಟೋಬರಿನ ಪಾಳಿ ಮುಗಿದ ದಿನ ಟಾರ್ಕ್ವಿಲ್‌ನ ಯಂತ್ರ ನೂರ ಇಪ್ಪತ್ತೈದೂ ಕಾಲು ತೋರಿಸಿತು. ಇನ್ನರ್ಧ ಕಿಲೋ ಬಾಕಿ. ಪರೀಕ್ಷೆ ಇದ್ದದ್ದು ಮೂರು ವಾರದ ರಜೆಯ ಕೊನೆಯ ದಿನ. ಆ ಮೂರು ವಾರವನ್ನು ಅವನು ಪೀಟರ್‌ಹೆಡ್ಡಿನ ಖಾಲಿ ಮನೆಯಲ್ಲಿ ಕಳೆಯಬೇಕಿತ್ತು.

"ಮನೇಲಿ ಹೆಂಗೆ?" ಎಂದು ಹೆಲಿಕಾಪ್ಟರಿನಲ್ಲಿ ಕೇಳಿದೆ.

"ಟಿವಿ ಮುಂದೆ ತಿಂತೀನಿ. ಅಲ್ಲಿ ಎದ್ದೇಳು ಅನ್ನೋರು ಯಾರಿದಾರೆ?"

ಫ್ರೇಸರ್‌ಬರೋದಲ್ಲಿರುವ ನನ್ನ ಮನೆಗೆ ಬಂದು ಬಾಗಿಲು ತೆಗೆದೆ. ಮನೆಗೆ ಹೋದ ಮೇಲೂ ಫೋನ್ ಮಾಡುವುದು ಅತಿಯಾಗುತ್ತದೆ, ರಿಗ್ಗಿನದು ರಿಗ್ಗಿನಲ್ಲೇ ಇರಲಿ ಎಂದು ತೀರ್ಮಾನಿಸಿದ್ದೆ. ಮೊದಲ ಸಂಜೆ ಮೀನು ಹುರಿದುಕೊಂಡೆ. ಒಲೆಯ ಪಕ್ಕದಲ್ಲಿ ನಿಂತೇ ಬಾಣಲೆಯಿಂದ ತಿಂದೆ. ಅದು ಮುಗಿಯಿತೆಂದು ಎರಡು ಬ್ರೆಡ್ಡು, ಬ್ರೆಡ್ಡಿಗೆಂದು ಒಂದು ಚೂರು ಚೀಸು. ಹೊಟ್ಟೆ ಬಿಗಿದಿತ್ತು, ಕೈ ನಿಲ್ಲಲಿಲ್ಲ. ಗಡಿಯಾರ ನೋಡಿದರೆ ಏಳೂವರೆ. ಹದಿನೇಳು ವರ್ಷ ಪ್ರತಿ ರಜೆಯಲ್ಲೂ ನಾನು ಹೀಗೆ ನಿಂತೇ ಉಂಡಿದ್ದೇನೆ, ಅದನ್ನು ಯಾರಿಗೂ ಹೇಳಿಕೊಂಡಿಲ್ಲ ಎಂದು ಆಗ ಹೊಳೆಯಿತು. ನನ್ನ ಮೇಲೆ ನನಗೇ ಕೆಟ್ಟ ಸಿಟ್ಟು ಬಂತು. ಫೋನ್ ಎತ್ತಿದೆ.

"ಫಿನ್ಲೇ, ನಾಳೆಯಿಂದ ಸಂಜೆ ಇಲ್ಲಿಗೆ ಬಾ. ಡಬ್ಬ ತಗೊಂಡು ಬಾ."

"ನಿನಗೆ ತೊಂದರೆ ಅಲ್ವಾ?"

"ಹತ್ತೊಂಬತ್ತು ಮೈಲಿ ಕಾರು ಓಡಿಸೋನು ನೀನು. ತೊಂದರೆ ನಿಂದು."

ಅವನು ದಿನಾ ಬಂದ. ಪುಡಿ ಕುಡಿದು, ಇಪ್ಪತ್ತು ನಿಮಿಷ ನನ್ನ ಹಿತ್ತಲಿನ ಒಣಗಿದ ಎಲೆ ಗುಡಿಸುತ್ತಿದ್ದ. ನಾವಿಬ್ಬರೂ ಕೂತು ಒಂದೊಂದು ತಟ್ಟೆ ಉಣ್ಣುತ್ತಿದ್ದೆವು. ಆಮೇಲೆ ಖಾಲಿ ಮೇಜಿನ ಮುಂದೆ ಒಂಬತ್ತರವರೆಗೆ ಹಾಗೇ ಕೂತಿರುತ್ತಿದ್ದೆವು.

ಪರೀಕ್ಷೆಯ ದಿನ ಅವನು ಅಬರ್ಡೀನಿನಲ್ಲಿ ಪರೀಕ್ಷೆ ಮುಗಿಸಿ ನೇರ ನನ್ನ ಬಾಗಿಲಿಗೆ ಬಂದ. ಮುಖದಲ್ಲಿ ಏನೂ ತೋರಿಸಲಿಲ್ಲ, ಹಾಳಾದವನು.

"ನೂರ ಇಪ್ಪತ್ತಮೂರೂ ಮುಕ್ಕಾಲು," ಎಂದ. "ಬೂಟು ಸಮೇತ."

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

"ಡಾಕ್ಟರು ಏನಂದ್ರು?"

"ಹೆಂಗೆ ಇಳಿಸಿದೆ ಅಂತ ಕೇಳಿದ್ರು. ವೇ ಪುಡಿ ಅಂದೆ. ಬರ್ಕೊಂಡ್ರು."

"ಪುಡಿ," ಎಂದೆ. "ಬರೀ ಪುಡಿ. ಆರು ತಿಂಗಳು ನಾನು ಬಾಯಿ ಬಡ್ಕೊಂಡಿದ್ದು, ಆ ಫೋನು, ಈ ಮೂರು ವಾರದ ಊಟ, ಯಾವುದೂ ಅಲ್ಲ?"

ಫಿನ್ಲೇ ಟೋಪಿ ತೆಗೆದ. ಮೊದಲ ಸಲ ನನ್ನನ್ನು ನೇರ ನೋಡಿದ.

"ಆ ಫಾರಮ್ಮಲ್ಲಿ ಒಂದೇ ಗೆರೆ ಇತ್ತು ಐಸ್ಬೆಲ್," ಎಂದ. "ನಿನ್ನನ್ನ ಬರೆಯೋಕೆ ಅಷ್ಟು ಸಾಲ್ತಿರಲಿಲ್ಲ."