ಎಬರ್‌ವಿನ್ ದೊರೆಯ ನುಣುಪು ಕೆನ್ನೆ

ನಾನು ಒಂದು ಭಾವಚಿತ್ರ. ಅಂಗೈಯಗಲದ ತಾಮ್ರದ ತಗಡು ಎಂದು ಮೂಗು ಮುರಿಯಬೇಡಿ. ಜರ್ಮನಿಯ ಮುನ್ನೂರು ಸಂಸ್ಥಾನಗಳಲ್ಲಿ ನನ್ನಷ್ಟು ಚೆಲುವಾದ ಮುಖ ಇನ್ನೊಂದಿರಲಿಲ್ಲ. ನನ್ನನ್ನು ಅಂಗಳದಲ್ಲಿ ಒಣಗಲು ಇಟ್ಟ ದಿನ ಸೂರ್ಯನೇ ನಾಚಿ ಮೋಡದ ಹಿಂದೆ ಸರಿದ. ನನ್ನ ಒಡೆಯ ಎಬರ್‌ವಿನ್ ದೊರೆಯ ಸಂಸ್ಥಾನವೋ, ಅವನು ಅರಮನೆಯಲ್ಲಿ ಸೀನಿದರೆ ಪಕ್ಕದ ದೊರೆ ಗಡಿಯಾಚೆಯಿಂದ "ನೂರು ವರ್ಷ ಬಾಳು" ಎನ್ನುವಷ್ಟು ವಿಶಾಲ!

ದೊರೆಗೆ ಹೆಣ್ಣು ನೋಡುತ್ತಿದ್ದರು. ಆ ಕಾಲದಲ್ಲಿ ವರ ಹೋಗುತ್ತಿರಲಿಲ್ಲ, ಅವನ ಚಿತ್ರ ಹೋಗುತ್ತಿತ್ತು. ದೊರೆಯ ಮುಖದ ತುಂಬ ಸಿಡುಬಿನ ಕುಳಿಗಳು.

"ಇವನ್ನೂ ಬರೀಬೇಕಾ, ದೊರೆ?" ಚಿತ್ರಕಾರ ಲೋರೆಂಟ್ಸ್ ಕೇಳಿದ.

"ಬರೆದ್ರೆ ಯಾರಪ್ಪಾ ಬರ್ತಾರೆ," ಎಂದು ದೊರೆ ನೆಲ ನೋಡಿದ.

ಹೀಗೆ ನನ್ನ ಕೆನ್ನೆ ಬೆಣ್ಣೆಯಂತಾಯಿತು. ನನ್ನನ್ನು ನೋಡಿ ಒಪ್ಪಿದ ಸಿಡೋನಿಯಾ, ಬಂದಿಳಿದ ದಿನ ಎದುರಿಗಿದ್ದವನ ಕೈಗೆ ಒದ್ದೆ ಮೇಲಂಗಿ ಕೊಟ್ಟು, "ನಿಮ್ಮ ದೊರೆ ಎಲ್ಲಿದಾರೆ?" ಎಂದಳು. ಎದುರಿಗಿದ್ದವನೇ ದೊರೆ. ಅವನು ಅದನ್ನು ಒಲೆಯ ಬಳಿ ಒಣಹಾಕಿದ.

ಮದುವೆಯಾದ ಮೇಲೂ ಅವನು ಅವಳೆದುರು ಬೆಳಕಿಗೆ ಮುಖ ಕೊಡಲಿಲ್ಲ. ಊಟಕ್ಕೂ ಓರೆಯಾಗಿ ಕೂರುತ್ತಿದ್ದ.

"ಸ್ವಲ್ಪ ಈ ಕಡೆ ತಿರುಗಬಾರದೇ?" ಎಂದು ಅವಳು ಕೇಳಿದರೆ, "ದೀಪ ಕಣ್ಣಿಗೆ ಚುಚ್ಚುತ್ತೆ" ಎನ್ನುತ್ತಿದ್ದ.

ಅವಳ ಕೊರಳಲ್ಲಿ ನಾನಿದ್ದೆ. ಅವಳಿಗೆ ಚಿತ್ರವೇ ಸಾಕೆಂದು ಅವನು ನೊಂದು ನಂಬಿದ, ನಾನು ಬೀಗಿ ನಂಬಿದೆ.

ಆರನೆಯ ಚಳಿಗಾಲದಲ್ಲಿ ಅವಳು ಹಾಸಿಗೆ ಹಿಡಿದಳು. ದೊರೆ ತಾನೇ ವೈದ್ಯನನ್ನು ಕರೆತರಲು ಹೊರಟ. ಅವಳು ಲೋರೆಂಟ್ಸ್‌ನನ್ನು ಕರೆಸಿ ನನ್ನನ್ನು ಕೈಗಿತ್ತಳು.

"ಇದನ್ನ ಸರಿ ಮಾಡಿಕೊಡಯ್ಯ. ಎಡಗೆನ್ನೆಗೆ ನಾಲ್ಕು ಕುಳಿ. ಹುಬ್ಬಿನ ತುದಿಗೊಂದು. ಮೂಗಿನ ಪಕ್ಕದ್ದು ಆಳ, ಆದ್ರೆ ನಕ್ಕಾಗ ಮುಚ್ಚಿಹೋಗುತ್ತೆ."

"ದೊರೆ ನಕ್ಕಿದ್ದನ್ನ ನಾನು ನೋಡೇ ಇಲ್ಲ, ಅಮ್ಮಾ."

"ನಾಯಿ ಜೊತೆ ಇದ್ದಾಗ ನಗ್ತಾರೆ. ಮರೇಲಿ ನಿಂತು ನೋಡಿದೀನಿ."

ಕುಂಚ ತಾಗಿದಾಗಲೆಲ್ಲ ನಾನು ಏಳು ಸಂಸ್ಥಾನ ನಡುಗುವಂತೆ ಕೂಗಿದೆ. ಯಾರಿಗೂ ಕೇಳಲಿಲ್ಲ.

ವೈದ್ಯನೊಡನೆ ದೊರೆ ಮರಳುವ ಹೊತ್ತಿಗೆ ಅವಳು ತೀರಿಕೊಂಡಿದ್ದಳು. ಮುಷ್ಟಿ ಬಿಡಿಸಿ ನನ್ನನ್ನು ಅವನಿಗೆ ಕೊಟ್ಟರು. ಅವನು ನನ್ನ ಮೂಗಿನ ಪಕ್ಕ ಬೆರಳಿಟ್ಟ, ಆಮೇಲೆ ತನ್ನ ಮೂಗಿನ ಪಕ್ಕದ ಕುಳಿಯ ಮೇಲೆ.

"ಯಾರು ಹೇಳಿಕೊಟ್ಟಿದ್ದು?"

"ಅಮ್ಮನವರೇ. ಕಣ್ಣು ಮುಚ್ಚಿಕೊಂಡು, ಒಂದೊಂದಾಗಿ," ಎಂದ ಲೋರೆಂಟ್ಸ್.

ದೊರೆ ಅವಳ ಹಾಸಿಗೆಯ ಪಕ್ಕ ಕುಳಿತ. ಆಮೇಲೆ ಇಪ್ಪತ್ತು ವರ್ಷ ಒಬ್ಬನೇ ಬಾಳಿದ.

ಈಗ ನಾನು ವಸ್ತುಸಂಗ್ರಹಾಲಯದ ಒಂದು ಕಪಾಟಿನ ಸೆಳೆಖಾನೆಯಲ್ಲಿದ್ದೇನೆ. ನನ್ನ ಬಗ್ಗೆ ಎಷ್ಟು ಬೇಕಾದರೂ ಕೊಚ್ಚಿಕೊಳ್ಳಬಲ್ಲೆ. ಆದರೆ ಅವಳು ಒಮ್ಮೆ ಬಾಯಿಬಿಟ್ಟು ಹೇಳಿದ್ದರೆ, ಅವನು ಒಮ್ಮೆ ತಿರುಗಿ ಕೂತಿದ್ದರೆ, ಅವರಿಬ್ಬರ ನಡುವೆ ನನ್ನಂಥ ತಗಡಿಗೆ ಕೆಲಸವೇ ಇರುತ್ತಿರಲಿಲ್ಲ.