ಮಿಂಟಿಯ ಸ್ನಾನದ ನೀರು

ಗುಲಾಬಿಗೆ ಔಷಧಿ ಹೊಡೆಯುವ ಪಂಪಿನ ಮೂತಿಯನ್ನು ಪಂಜರದ ಸರಳುಗಳ ನಡುವೆ ತೂರಿಸಿ ಕ್ಲೆಮ್ ನೀರು ಬಿಡುತ್ತಿದ್ದ. ಹೆಬ್ಬೆರಳಿನಷ್ಟೇ ದಪ್ಪದ ಆ ಹಸಿರು ಗಿಳಿ ಮೂಲೆಗೆ ಒತ್ತಿಕೊಂಡು ಕಿರುಚುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

"ನಿಲ್ಸೋ ಅದನ್ನ!"

"ಸ್ನಾನ ಮಾಡಿಸಿ ಅಂತ ಡಾಕ್ಟರಮ್ಮ ಹೇಳ್ಲಿಲ್ವಾ? ಮಾಡಿಸ್ತಿದ್ದೀನಿ."

"ಇದು ಸ್ನಾನ ಅಲ್ಲ ಮಾರಾಯ, ಬೆಂಕಿ ಆರಿಸೋದು."

"ಮತ್ತೇನು, ನಿನ್ನ ಹಾಗೆ ಅದಕ್ಕೆ ಕವಿತೆ ಓದಿ ಹೇಳ್ಲಾ, ಆಲ್ವಿನ್? ಬಾರಮ್ಮ, ಮೀಯಮ್ಮ ಅಂತ?"

ಕ್ಲೆಮ್ ನನ್ನ ತಂಗಿ ನೋಲಾಳ ಗಂಡ. ಬೀದಿಯ ಕೊನೆಯಲ್ಲಿ ಚಿಮಣಿ ಎತ್ತಿ ನಿಂತಿರುವ ಸೀಸ ಕರಗಿಸುವ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ದುಡಿದವನು. ನೋಲಾ ಸೊಂಟದ ಮೂಳೆ ಮುರಿದುಕೊಂಡು ಅಡಿಲೇಡಿನ ಆಸ್ಪತ್ರೆಯಲ್ಲಿದ್ದಳು. ಮಿಂಟಿ ಎಂಬ ಈ ಗಿಳಿ ಅವಳದು. ಅವಳು ಬರುವವರೆಗೆ ಅದನ್ನು ಉಳಿಸಿಕೊಳ್ಳುತ್ತೇನೆಂದು ಫೋನಿನಲ್ಲಿ ಮಾತು ಕೊಟ್ಟು, ನಾನು ಆ ಮನೆಗೆ ಬಂದು ಕೂತಿದ್ದೆ.

ಉಳಿಸಿಕೊಳ್ಳುವುದು ಸುಲಭವಿರಲಿಲ್ಲ. ರೆಕ್ಕೆಯ ತುಂಬ ಚಿಮಣಿಯ ಧೂಳಿದೆ, ಕೊಕ್ಕಿನಿಂದ ಗರಿ ತೀಡಿಕೊಳ್ಳುವಾಗಲೆಲ್ಲ ಹಕ್ಕಿ ಸೀಸ ನುಂಗುತ್ತಿದೆ ಎಂದು ಪಶುವೈದ್ಯೆ ರೊವೀನಾ ಹೇಳಿದ್ದಳು. ದಿನವೂ ಮಿಂದರೆ ಬದುಕೀತು, ಇಲ್ಲವಾದರೆ ಇಲ್ಲ.

"ಧೂಳಂತೆ!" ಕ್ಲೆಮ್ ಪಂಪನ್ನು ನೆಲಕ್ಕೆ ಕುಕ್ಕಿದ. "ಅದೇ ಧೂಳು ಬಿದ್ದ ಬ್ರೆಡ್ ತಿಂದು ಬೆಳೆದೋನು ನಾನು. ನನಗೇನಾಗಿದೆ?"

"ಏನಾಗಿದೆ ಅಂತ ನೋಲಾನ ಕೇಳು. ನಲವತ್ತು ವರ್ಷದಿಂದ ನಿನ್ನ ಕೋಪ ಉಂಡೋಳು ಅವಳು."

ಅವನು ಪಂಪನ್ನು ಅಲ್ಲೇ ಬಿಟ್ಟು ಹೊರಗೆ ನಡೆದ, ಎರಡು ದಿನ ಪಂಜರದ ಕಡೆ ಸುಳಿಯಲಿಲ್ಲ. ಒಳ್ಳೆಯದೇ ಆಯಿತು.

ಈ ಗಿಳಿಗಳ ಬಂಧುಗಳು ಒಳನಾಡಿನ ಬಯಲಿನಲ್ಲಿ ಮೀಯುವುದನ್ನು ನಾನು ಕಂಡಿದ್ದೇನೆ. ಅವು ನೀರಿಗೆ ಇಳಿಯುವುದಿಲ್ಲ. ಇಬ್ಬನಿ ಹೊತ್ತ ಹುಲ್ಲಿಗೆ ಮೈ ಒಡ್ಡುತ್ತವೆ. ಆದ್ದರಿಂದ ಬೀಟ್ ಸೊಪ್ಪಿನ ಅಗಲವಾದ ಎಲೆಗಳನ್ನು ನೀರಿನಲ್ಲಿ ಅದ್ದಿ, ಹನಿ ಒಸರುವಂತೆಯೇ ಪಂಜರಕ್ಕೆ ಕಟ್ಟಿದೆ. ಕಟ್ಟಿ, ದೂರ ಸರಿದು ಕೂತೆ. ಮೊದಲ ದಿನ ಅದು ಎಲೆಯನ್ನು ನೋಡಲೂ ಇಲ್ಲ. ನಾಲ್ಕನೆಯ ದಿನ ಹನಿಯೊಂದನ್ನು ಕುಡಿಯಿತು. ಒಂಬತ್ತನೆಯ ದಿನ ತಲೆ ತಗ್ಗಿಸಿ ಎಲೆಯ ಮಡಿಕೆಯೊಳಗೆ ನುಗ್ಗಿ, ಕತ್ತು, ಎದೆ, ಬೆನ್ನು ಎಲ್ಲವನ್ನೂ ಉಜ್ಜಿ ಉಜ್ಜಿ, ಒದ್ದೆ ಉಂಡೆಯಾಗಿ ಹೊರಬಂದು ಮೈ ಕೊಡವಿತು. ಬೆಳಕು ನೂರು ಚೂರಾಗಿ ನನ್ನ ಕನ್ನಡಕದ ಮೇಲೆ ಬಿತ್ತು.

"ಏನೋ ಗೆದ್ದೋರ ಹಾಗೆ ನಗ್ತಿದ್ದೀಯ," ಎಂದ ಕ್ಲೆಮ್ ಬಾಗಿಲಲ್ಲಿ ನಿಂತು. ಆದರೂ ಒಳಗೆ ಬಂದು ನೋಡಿದ.

ಆಮೇಲೆ ಮಿಂಟಿ ದಿನಕ್ಕೆ ಎರಡು ಸಲ ಮಿಂದಿತು. ಎರಡು ವಾರ ಕಳೆಯುವಷ್ಟರಲ್ಲಿ ಕಡ್ಡಿಯ ಮೇಲೆ ಕೂರಲಾರದೆ ನೆಲಕ್ಕೆ ಬಿತ್ತು.

ರೊವೀನಾ ರಕ್ತ ಪರೀಕ್ಷೆಯ ಕಾಗದವನ್ನು ಎರಡು ಸಲ ಓದಿದಳು.

"ಸೀಸ ಮೊದಲಿಗಿಂತ ಜಾಸ್ತಿಯಾಗಿದೆ. ಎಲೆ ಯಾವ ನೀರಲ್ಲಿ ಅದ್ದುತ್ತಿದ್ರಿ ನೀವು?"

"ಒಳ್ಳೇ ನೀರಲ್ಲೇ. ಮಳೆ ಟ್ಯಾಂಕಿನದು."

ಅವಳು ಕಾಗದವನ್ನು ನನ್ನತ್ತ ತಳ್ಳಿದಳು.

ನಮ್ಮೂರಿನಲ್ಲಿ ನಲ್ಲಿಯ ನೀರೆಂದರೆ ಅಸಡ್ಡೆ. ನೂರಾರು ಮೈಲಿ ಕೊಳವೆಯಲ್ಲಿ ಹರಿದುಬರುವ ಆ ನೀರಿಗೆ ಈಜುಕೊಳದ ವಾಸನೆ. ಅದರಲ್ಲಿ ಚಹಾ ಮಾಡಿಕೊಟ್ಟರೆ ನೆಂಟರು ಮುಖ ಸಿಂಡರಿಸುತ್ತಾರೆ. ಪ್ರೀತಿಯಿದ್ದವರಿಗೆ ಟ್ಯಾಂಕಿನ ನೀರು. ಆದರೆ ಆ ಟ್ಯಾಂಕು ತುಂಬುವುದು ಛಾವಣಿಯಿಂದ, ಛಾವಣಿಯ ಮೇಲೆ ಬೀಳುವುದು ಚಿಮಣಿಯ ಧೂಳು. ಇದು ನನಗೆ ಗೊತ್ತಿರಲಿಲ್ಲವೆಂದು ಹೇಗೆ ಹೇಳಲಿ? ಊರಿನ ಪತ್ರಿಕೆಯಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವನು ನಾನು. 'ಛಾವಣಿಯ ನೀರನ್ನು ಕುಡಿಯಬೇಡಿ' ಎಂಬ ಪ್ರಕಟಣೆಯ ಅಲ್ಪವಿರಾಮಗಳನ್ನು ವರ್ಷವರ್ಷವೂ ಸರಿಪಡಿಸಿ, ಮನೆಗೆ ಹೋಗಿ ಅದೇ ನೀರಿನಲ್ಲಿ ಚಹಾ ಕಾಸಿದವನು. ಕ್ಲೆಮ್ ಪಂಪಿನಲ್ಲಿ ಹೆದರಿಸಿದ. ನಾನು ಎಲೆಯಲ್ಲಿ ಸುತ್ತಿ, ನಂಬಿಸಿ, ವಿಷ ಕೊಟ್ಟೆ.

"ಇಂಜೆಕ್ಷನ್ ಶುರು ಮಾಡಿದ್ದೀನಿ," ಎಂದಳು ರೊವೀನಾ. "ಭರವಸೆ ಕೊಡಲಾರೆ. ಇಲ್ಲೇ ಇರಲಿ."

ಖಾಲಿ ಪಂಜರ ಹಿಡಿದು ಮನೆಗೆ ಬಂದವನೇ ಹಿತ್ತಲಿಗೆ ಹೋಗಿ ಟ್ಯಾಂಕಿನ ತಳದ ನಲ್ಲಿಗೆ ತೋಟದ ಕೊಳವೆ ಸಿಕ್ಕಿಸಿ ಪೂರಾ ತಿರುಗಿಸಿದೆ.

ಸದ್ದು ಕೇಳಿ ಕ್ಲೆಮ್ ಹೊರಗೆ ಓಡಿಬಂದ.

"ತಲೆ ಕೆಟ್ಟಿದೆಯೇನೋ ನಿನಗೆ? ಇಡೀ ಚಳಿಗಾಲದ ಮಳೆ ಕಣೋ ಅದು!"

"ಮಿಂಟಿ ರಕ್ತದಲ್ಲಿರೋದೂ ಇದೇ ಮಳೆ. ಮಿಂದಿದ್ದರಿಂದಲೇ ಬಿದ್ದಿದೆ ಅದು. ನಾನೇ ಮೀಯಿಸಿದ್ದು. ನೋಲಾ ಬಂದ ಮೇಲೂ ಇದರಲ್ಲೇ ಚಹಾ ಮಾಡಿ ಕೊಡ್ತೀಯಾ? ಹೇಳು! ಕೊಡ್ತೀಯಾ?"

ಅವನ ಮುಖ ಕೆಂಪೇರಿತು. ಮುಷ್ಟಿ ಬಿಗಿದು ಹತ್ತಿರ ಬಂದ, ಹೊಡೆದೇಬಿಡುತ್ತಾನೆಂದುಕೊಂಡೆ. ನೀರು ಹುಲ್ಲಿನ ಮೇಲೆ ಹರಡುತ್ತ ಬೇಲಿಯತ್ತ ಸಾಗಿತ್ತು. ಅವನ ಕಣ್ಣು ಅದರ ಹಿಂದೆಯೇ ಹೋಯಿತು.

"ದಡ್ಡ ಮುಂಡೇದೇ," ಎಂದು ಗದರಿದ. "ಆ ಕಡೆ ಯಾಕೋ ಬಿಡ್ತೀಯ? ಪಕ್ಕದ ಮನೆ ಕೂಸು ಅಲ್ಲೇ ಮಣ್ಣಲ್ಲಿ ಆಡುತ್ತೆ, ಕಾಣಲ್ವಾ?"

ಬಾಗಿ, ಕೊಳವೆಯ ತುದಿಯನ್ನು ನೆಲದಿಂದ ಎತ್ತಿಕೊಂಡು, ಬೈಯುತ್ತಲೇ ಚರಂಡಿಯವರೆಗೆ ಎಳೆದುಕೊಂಡು ಹೋದ.